ಗೂಡಿನ ನಾತ, ಬೇಸಿಗೆಯ ಝಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವು. ಬರೆದವರೆಲ್ಲ ಮನೆಯಲ್ಲಿ ಬಿಳಿ ಇಲಿ, ಹ್ಯಾಮ್‌ಸ್ಟರ್, ಗಿನಿ ಪಿಗ್ ಸಾಕಿ ಮರಿ ಮಾಡಿಸುವವರು. ತಕರಾರು ಒಂದೇ. ನಾತ ಹೋಗಲೆಂದು ಕಿಟಕಿ ತೆರೆದರೆ ಬಿಸಿಗಾಳಿ ನುಗ್ಗುತ್ತದೆ, ಬಿಸಿಗಾಳಿ ಬೇಡವೆಂದು ಮುಚ್ಚಿದರೆ ನಾತಕ್ಕೆ ನಿಲ್ಲಲಾಗುವುದಿಲ್ಲ. ಎರಡರ ನಡುವೆ ದಾರಿ ಇದೆ, ಆದರೆ ಅದು ಸುಗಂಧದ ಬಾಟಲಿಯಲ್ಲಿಲ್ಲ. ಗೂಡಿನೊಳಗೆ ಒದ್ದೆ ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬರುತ್ತದೆ ಎಂಬುದರಲ್ಲಿದೆ.

ಹೆಸರಿನ ಗೊಂದಲ ಬೇಡವೆಂದು ಒಂದು ಮಾತು. ಅಂಗಡಿಯವರು ಸಣ್ಣದಕ್ಕೂ ದೊಡ್ಡದಕ್ಕೂ ‘ವೈಟ್ ರ‍್ಯಾಟ್’ ಎಂದೇ ಹೇಳಿ ಮಾರುತ್ತಾರೆ. ಇಲ್ಲಿ 25-40 ಗ್ರಾಂ ತೂಗುವ ಸಣ್ಣ ಜಾತಿಗೆ ಚಿಟ್ಟಿಲಿ ಎಂದೂ, 250 ಗ್ರಾಂ ದಾಟುವ ದೊಡ್ಡ ಜಾತಿಗೆ ದೊಡ್ಡಿಲಿ ಎಂದೂ ಬರೆದಿದ್ದೇವೆ. ಎರಡರ ಸಾಕಣೆ ಒಂದೇ ಅಲ್ಲ.

ಪ್ರಶ್ನೆ: ಬಳ್ಳಾರ‍್ಯಾಗ ಬಾಡಿಗಿ ಮನಿ. ಮೂರು ಪ್ಲಾಸ್ಟಿಕ್ ಡಬ್ಬದಾಗ ಬಿಳಿ ಚಿಟ್ಟಿಲಿ ಸಾಕೀನಿ, ಒಂದೊಂದರಾಗ ಒಂದು ಗಂಡು, ಎರಡು ಹೆಣ್ಣು. ದಿನಾ ಫಿನೈಲ್ ಹಾಕಿ ತೊಳಿತೀನಿ. ಆದ್ರೂ ವಾಸನಿ ಕಮ್ಮಿ ಆಗವಲ್ದು, ಜಾಸ್ತಿನ ಆಗೇದ. ಮನಿ ಓನರ್ ಖಾಲಿ ಮಾಡ್ರಿ ಅನ್ಲಿಕ್ಕತ್ಯಾರ. ಏನ್ ಮಾಡ್ಬೇಕ್ರಿ?
— ಬಳ್ಳಾರಿಯ ಓದುಗರು

ಉತ್ತರ: ಮೊದಲು ಫಿನೈಲ್ ನಿಲ್ಲಿಸಿ. ಆಮೇಲೆ ದಿನಾ ತೊಳೆಯುವುದನ್ನೂ ನಿಲ್ಲಿಸಿ. ವಾಸನೆ ಹೆಚ್ಚಿಸುತ್ತಿರುವುದು ಈ ಎರಡೇ.

ನಿಮ್ಮ ಡಬ್ಬದಿಂದ ಬರುತ್ತಿರುವುದು ಎರಡು ಬೇರೆ ಬೇರೆ ವಾಸನೆ. ಒಂದು ಗಂಡು ಚಿಟ್ಟಿಲಿಯದು. ಅದು ತನ್ನ ಜಾಗದ ಗುರುತಿಗೆ ಓಡಾಡಿದಲ್ಲೆಲ್ಲ ಉಚ್ಚೆಯ ಹನಿ ಬಿಡುತ್ತದೆ, ಆ ಹನಿಗೆ ಘಾಟು ಸ್ವಭಾವದಲ್ಲೇ ಇದೆ. ನೀವು ತೊಳೆದ ದಿನ ಅದರ ಗುರುತೆಲ್ಲ ಅಳಿದಿರುತ್ತದೆ, ಅಂದು ರಾತ್ರಿ ಅದು ಇಮ್ಮಡಿ ಹನಿ ಹಾಕುತ್ತದೆ. ಇನ್ನೊಂದು ಅಮೋನಿಯ. ಈಗಷ್ಟೇ ಬಿದ್ದ ಉಚ್ಚೆಯಲ್ಲಿ ಅಮೋನಿಯ ಹೆಚ್ಚಿರುವುದಿಲ್ಲ, ಇರುವುದು ಯೂರಿಯ. ಹಿಕ್ಕೆಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಅಮೋನಿಯ ಏಳುತ್ತದೆ. ಈ ಕೆಲಸಕ್ಕೆ ತೇವ ಬೇಕು, ಶಾಖ ಬೇಕು, ಎರಡು ಮೂರು ದಿನ ಬೇಕು. ಹಾಗಾಗಿ ಒದ್ದೆಯಾದ ಮೂಲೆಯನ್ನು ಎರಡನೇ ದಿನ ತೆಗೆದರೆ ಅಮೋನಿಯ ಹುಟ್ಟುವುದಕ್ಕೆ ಮೊದಲೇ ಮುಗಿಯಿತು. ಇಡೀ ಡಬ್ಬ ತೊಳೆಯುವ ಅಗತ್ಯವೇ ಇಲ್ಲ.

ಮಾಡುವ ಕ್ರಮ ಹೀಗೆ. ಎರಡು ದಿನಕ್ಕೊಮ್ಮೆ ಒದ್ದೆ ಮೂಲೆಯ ಹಾಸನ್ನು ಹಳೇ ಚಮಚದಲ್ಲಿ ತಳ ಕಾಣುವವರೆಗೆ ಕೆರೆದು ತೆಗೆದು, ಅಷ್ಟೇ ಹೊಸದು ತುಂಬಿ. ವಾರಕ್ಕೊಮ್ಮೆ ಪೂರ್ತಿ ಹಾಸು ಬದಲಿಸಿ, ಆದರೆ ಹಳೇ ಗೂಡಿನ ಒಣಗಿದ ಭಾಗದಿಂದ ಒಂದು ಹಿಡಿ ತೆಗೆದಿಟ್ಟು ಹೊಸ ಹಾಸಿನ ಮೇಲೆ ಹಾಕಿ. ಗುರುತಿನ ವಾಸನೆ ಉಳಿದಿದ್ದರೆ ಗಂಡು ಸುಮ್ಮನಿರುತ್ತದೆ. ಹುಟ್ಟಿ ಏಳು ದಿನವಾಗದ ಮರಿಗಳಿದ್ದರೆ ಪೂರ್ತಿ ಬದಲಾವಣೆ ಮುಂದಕ್ಕೆ ಹಾಕಿ, ಮೂಲೆ ಮಾತ್ರ ಕೆರೆಯಿರಿ.

ಪ್ಲಾಸ್ಟಿಕ್ಕಿಗೆ ಬಿಳಿಯಾಗಿ ಗಟ್ಟಿ ಅಂಟಿದ ಉಚ್ಚೆಯ ಉಪ್ಪು ಸೋಪಿಗೆ ಬಿಡುವುದಿಲ್ಲ, ಹುಳಿಗೆ ಬಿಡುತ್ತದೆ. ಕಿರಾಣಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲ 30 ಗ್ರಾಂ, ಒಂದು ಲೀಟರ್ ಬೆಚ್ಚಗಿನ ನೀರು. ಡಬ್ಬದಲ್ಲಿ 15 ನಿಮಿಷ ನಿಲ್ಲಿಸಿ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ. ತಿಂಗಳಿಗೊಮ್ಮೆ ಸಾಕು. ರೋಗ ಬಂದ ಡಬ್ಬಕ್ಕೆ ಬ್ಲೀಚ್ ಬೇಕಾದರೆ ಇದನ್ನೆಲ್ಲ ಚೆನ್ನಾಗಿ ತೊಳೆದು ಹೋಗಿಸಿದ ನಂತರವೇ ಲೀಟರಿಗೆ 30 ಮಿ.ಲೀ. ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ. ಬ್ಲೀಚ್ ಹುಳಿಗೆ ಸೇರಿದರೆ ಕ್ಲೋರಿನ್, ಉಚ್ಚೆಗೆ ಸೇರಿದರೆ ಕ್ಲೋರಮೈನ್ ಏಳುತ್ತದೆ. ಎರಡೂ ಪುಪ್ಪುಸ ಸುಡುವ ಗಾಳಿ, ನಿಮ್ಮದೂ ಸೇರಿ.

ಇನ್ನು ಎಣಿಕೆ. ಹೆಣ್ಣು ಚಿಟ್ಟಿಲಿಯ ಗರ್ಭ 19-21 ದಿನ. ಹೆತ್ತ 24 ಗಂಟೆಯೊಳಗೇ ಅದು ಮತ್ತೆ ಗಂಡಿಗೆ ಕೂಡುತ್ತದೆ. ಗಂಡು ಅಲ್ಲೇ ಇದ್ದರೆ ಮೊದಲ ಮರಿಗಳು ಹಾಲು ಬಿಡುವ 21ನೇ ದಿನದ ಹೊತ್ತಿಗೆ ಎರಡನೇ ಸೂಲು ಬೀಳುತ್ತದೆ. ಒಂದು ವಾರ ಮರಿ ಬೇರ್ಪಡಿಸುವುದು ತಡವಾದರೆ ಮೂರಿದ್ದ ಡಬ್ಬದಲ್ಲಿ ಮೂವತ್ತು ಬಾಯಿ. ಎಂಥ ಹಾಸು ಹಾಕಿದರೂ ಆಗ ನಾತ ನಿಲ್ಲದು. ನಿಮಗೆ ಮೂರು ಗಂಡು ಬೇಕಿಲ್ಲ. ಹೆಣ್ಣು ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುವುದರಿಂದ ಒಂದೇ ಗಂಡನ್ನು ಒಂದೊಂದು ಡಬ್ಬದಲ್ಲಿ ಒಂದು ವಾರ ಬಿಟ್ಟು ಮುಂದಿನದಕ್ಕೆ ಕಳಿಸಿ. ಗಂಡಿನ ಘಾಟು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಹೆತ್ತ ಹೆಣ್ಣಿಗೂ ಉಸಿರಾಡಲು ಬಿಡುವು. ಹಾಲು ಬಿಟ್ಟ ಗಂಡು ಮರಿಗಳನ್ನು ನಾಲ್ಕು ವಾರ ದಾಟುವುದರೊಳಗೆ ಬೇರೆ ಮಾಡಿ, ಇಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ.

ಡಬ್ಬದ ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ಹತ್ತು ತೂತು ಹಾಕಿರುತ್ತೀರಿ, ಅಲ್ಲವೇ? ಅದು ಸಾಲದು. ಅಂಚಿನಲ್ಲಿ 5 ಸೆಂ.ಮೀ. ಬಿಟ್ಟು ಮುಚ್ಚಳದ ನಡುಭಾಗವನ್ನೆಲ್ಲ ಕತ್ತರಿಸಿ ತೆಗೆಯಿರಿ. ಎದುರುಬದುರಿನ ಎರಡು ಗೋಡೆಗಳಲ್ಲೂ ತಳದಿಂದ 10 ಸೆಂ.ಮೀ. ಮೇಲೆ 20 × 10 ಸೆಂ.ಮೀ. ಕಿಟಕಿ ಕೊರೆಯಿರಿ. ಮೂರಕ್ಕೂ 6 ಮಿ.ಮೀ. ಕಣ್ಣಿನ ಬೆಸುಗೆ ಜಾಲರಿಯನ್ನು ಒಳಗಿನಿಂದ ಇಟ್ಟು ಬೋಲ್ಟು, ವಾಷರ್ ಹಾಕಿ ಬಿಗಿಯಿರಿ. ಹೊರಗಿನಿಂದ ಇಟ್ಟರೆ ಕೊರೆದ ಪ್ಲಾಸ್ಟಿಕ್ ಅಂಚನ್ನೇ ಕಡಿದು ಹೊರಬರುತ್ತವೆ. ಅದಕ್ಕಿಂತ ದೊಡ್ಡ ಕಣ್ಣಿನ ಜಾಲರಿ ಬೇಡ, ಮೂರು ವಾರದ ಮರಿ ನುಸುಳಿಬಿಡುತ್ತದೆ.

ಒಂದು ಪರೀಕ್ಷೆ: ಬೆಳಿಗ್ಗೆ ಎದ್ದು ಕೋಣೆಗೆ ಕಾಲಿಟ್ಟ ಕೂಡಲೇ ಮೂಗನ್ನು ಹಾಸಿನ ಮಟ್ಟಕ್ಕೆ ತಂದು ನೋಡಿ. ಎರಡು ನಿಮಿಷ ಕಳೆದರೆ ಮೂಗು ಒಗ್ಗಿಕೊಂಡು ಸುಳ್ಳು ಹೇಳುತ್ತದೆ. ಕಣ್ಣು ಚುರ್ ಎಂದರೆ ಮರಿಗಳು ಇಡೀ ರಾತ್ರಿ ಅದನ್ನೇ ಉಸಿರಾಡಿವೆ ಎಂದರ್ಥ.

ಪ್ರಶ್ನೆ: ನಮ್ಮಲ್ಲಿ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಇಲಿ, ಗಿನಿ ಪಿಗ್‌ಗಳಿಗೆ ಅದನ್ನೇ ಹಾಸಬಹುದೇ? ಶೇಂಗಾ ಹೊಟ್ಟು, ಮೆಕ್ಕೆಜೋಳದ ದಿಂಡಿನ ಪುಡಿ ಹೇಗೆ?
— ಗಂಗಾವತಿಯ ಓದುಗರು

ಉತ್ತರ: ಹೊಟ್ಟು ಒಂದನ್ನೇ ಹಾಸಿದರೆ ಅದು ಮೋಸ ಮಾಡುತ್ತದೆ. ಹೊಟ್ಟನ್ನು ಸುಟ್ಟರೆ ತೂಕದ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಗಾಜಿನಂಥ ಆ ಹೊದಿಕೆ ನೀರು ಹೀರುವುದಿಲ್ಲ. ಉಚ್ಚೆ ಹೊಟ್ಟಿನ ನಡುವೆ ಜಾರಿ ತಳ ಸೇರಿ ಅಲ್ಲೇ ಕೊಳೆಯುತ್ತದೆ. ಮೇಲೆ ಕೈಯಾಡಿಸಿದರೆ ಗರಿಗರಿ ಒಣಗಿರುತ್ತದೆ. ‘ಹಾಸು ಒಣಗಿಯೇ ಇದೆ, ನಾತ ಎಲ್ಲಿಂದ ಬರುತ್ತದೋ’ ಎಂದು ಬರೆಯುವವರಲ್ಲಿ ಅರ್ಧ ಜನ ಹೊಟ್ಟು ಹಾಸುವವರೇ.

ಆದರೆ ಇದೇ ಗುಣವನ್ನು ಉಪಯೋಗಕ್ಕೆ ತಿರುಗಿಸಬಹುದು. ತಳಕ್ಕೆ ನಾಲ್ಕೈದು ಪದರ ಹಳೇ ಪತ್ರಿಕೆ, ಅದರ ಮೇಲೆ 3 ಸೆಂ.ಮೀ. ಮರದ ಸಿಪ್ಪೆ, ಎಲ್ಲಕ್ಕಿಂತ ಮೇಲೆ ಒಂದು ಬೆರಳು ದಪ್ಪ ಹೊಟ್ಟು. ಉಚ್ಚೆ ಹೊಟ್ಟನ್ನು ದಾಟಿ ಕೆಳಗಿನ ಸಿಪ್ಪೆಯಲ್ಲಿ ಹಿಂಗುತ್ತದೆ, ಇಲಿಯ ಕಾಲು ಒಣಗಿರುತ್ತದೆ. ಸಿಪ್ಪೆ ಎಂದರೆ ಬಡಗಿ ಹಲಗೆ ನುಣುಪು ಮಾಡುವಾಗ ಸುರುಳಿ ಸುರುಳಿಯಾಗಿ ಉದುರುವುದು, ಸಾ ಮಿಲ್ಲಿನ ನುಣ್ಣನೆ ಪುಡಿಯಲ್ಲ. ಪುಡಿ ಮೂಗಿಗೆ ಹೋಗುತ್ತದೆ. ಪ್ಲೈವುಡ್ಡಿನ ಸಿಪ್ಪೆಯಲ್ಲಿ ಅಂಟು ಇರುತ್ತದೆ, ಸಾಗುವಾನಿಯದು ಚರ್ಮಕ್ಕೂ ಉಸಿರಿಗೂ ಕೆರೆತ. ಎರಡನ್ನೂ ಬಿಡಿ.

ಮಿಲ್ಲಿನ ಹೊಟ್ಟಿನ ರಾಶಿಯ ಮೇಲೆ ಊರ ಇಲಿ, ಹೆಗ್ಗಣ ಓಡಾಡಿರುತ್ತವೆ. ಇಲಿ ಜ್ವರ ತರುವ ಲೆಪ್ಟೊಸ್ಪೈರಾ ಅವುಗಳ ಉಚ್ಚೆಯಲ್ಲಿರುತ್ತದೆ, ಮೈಯಿಂದ ಉಣ್ಣೆ ಹುಳವೂ ಉದುರಿರುತ್ತದೆ. ತಂದದ್ದನ್ನು ಜರಡಿ ಹಿಡಿದು ಧೂಳು ತೆಗೆದು, ತಗಡಿನ ಮೇಲೆ ತೆಳುವಾಗಿ ಹರವಿ ಎರಡು ದಿನ ನೆತ್ತಿಯ ಬಿಸಿಲು ತೋರಿಸಿ. ಬಿಸಿಲಿಗೇನು, ನಮ್ಮಲ್ಲಿ ಬರವಿಲ್ಲ.

ಗಿನಿ ಪಿಗ್‌ಗೆ ಮಾತ್ರ ಮೇಲಿನ ಪದರಕ್ಕೂ ಹೊಟ್ಟು ಬೇಡ. ಅದರ ಚೂಪು ತುದಿ ಕಣ್ಣಿಗೆ ಚುಚ್ಚುತ್ತದೆ, ಗಂಡಿನ ಜನನಾಂಗದ ಮಡಿಕೆಯಲ್ಲಿ ಸಿಕ್ಕಿ ಹುಣ್ಣಾಗುತ್ತದೆ. ಒಣ ಹುಲ್ಲು ಹಾಕಿ.

ಶೇಂಗಾ ಹೊಟ್ಟು ನೀರು ಚೆನ್ನಾಗಿ ಹೀರುತ್ತದೆ, ಹೀರಿದ ಮೇಲೆ ಬೂಷ್ಟು ಹಿಡಿಯುವುದೂ ಅಷ್ಟೇ ಬೇಗ. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಇಲಿಗಳು ಸಿಪ್ಪೆ ಕಡಿಯದೆ ಬಿಡುವುದಿಲ್ಲ, ಯಕೃತ್ತು ಕೆಡುತ್ತದೆ. ಮೆಕ್ಕೆಜೋಳದ ದಿಂಡು ಅಮೋನಿಯ ತಡೆಯುವುದರಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಅದರಲ್ಲಿರುವ ಕೆಲವು ಅಂಶಗಳು ಇಲಿಗಳ ಬೆದೆಯ ಚಕ್ರ ಕೆಡಿಸುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಮರಿ ಬೇಡದ ಪ್ರಾಣಿಗಳ ಡಬ್ಬಕ್ಕೆ ಹಾಕಿ, ಸಂತಾನಕ್ಕಿಟ್ಟವಕ್ಕೆ ಬೇಡ.

ಪ್ರಶ್ನೆ: ಕೋಳಿ ಶೆಡ್ಡಿನಲ್ಲಿ ಸುಣ್ಣ ಚೆಲ್ಲುತ್ತಾರೆ. ಇಲಿ ಡಬ್ಬದಲ್ಲೂ ಸುಣ್ಣ ಅಥವಾ ಒಲೆ ಬೂದಿ ಚೆಲ್ಲಿದರೆ ವಾಸನೆ ಹೋಗುವುದಿಲ್ಲವೇ?
— ಕುಷ್ಟಗಿಯ ಓದುಗರು

ಉತ್ತರ: ಹೆಚ್ಚುತ್ತದೆ. ಸುಣ್ಣವೂ ಬೂದಿಯೂ ಕ್ಷಾರ. ಒದ್ದೆ ಹಾಸಿನಲ್ಲಿ ಕರಗಿ ಕುಳಿತ ಅಮೋನಿಯಕ್ಕೆ ಕ್ಷಾರ ತಾಗಿದರೆ ಅದು ಒಮ್ಮೆಲೇ ಗಾಳಿಯಾಗಿ ಏಳುತ್ತದೆ. ಸುಣ್ಣದ ಸ್ಥಾನ ಖಾಲಿ ಕೋಣೆಯ ಗೋಡೆ ಮತ್ತು ಮಾಳಿಗೆಯ ಮೇಲ್ಭಾಗ. ಅದರ ವಿಷಯ ಮುಂದಿನ ಉತ್ತರದಲ್ಲಿದೆ. ಕರ್ಪೂರ, ನುಸಿಗುಳಿಗೆ, ಊದುಬತ್ತಿ, ಸೊಳ್ಳೆ ಬತ್ತಿ ಇವೂ ಕೂಡದು. ನಾತ ಅಡಗುವುದು ನಿಮ್ಮ ಮೂಗಿಗೆ ಮಾತ್ರ, ಹೊಗೆ ಸೇರುವುದು ಅವುಗಳ ಪುಪ್ಪುಸಕ್ಕೆ.

ಪ್ರಶ್ನೆ: ರಾಯಚೂರಿನಲ್ಲಿ ಎರಡನೇ ಮಹಡಿಯ ಕೋಣೆಯಲ್ಲಿ ಆರು ಗಿನಿ ಪಿಗ್ ಇವೆ, ಮೂರು ಗಬ್ಬ. ಹೋದ ಮೇ ತಿಂಗಳಲ್ಲಿ ಎರಡು ಸತ್ತವು. ಫ್ಯಾನ್ ಹಗಲು ರಾತ್ರಿ ತಿರುಗುತ್ತಿತ್ತು. ಈ ಸಲ ಕೂಲರ್ ಇಡಲೋ, ಏಸಿ ಹಾಕಿಸಲೋ?
— ರಾಯಚೂರಿನ ಓದುಗರು

ಉತ್ತರ: ಎರಡಕ್ಕೂ ಮೊದಲು ಕೆಳಗಿಳಿಸಿ. ಕಾಂಕ್ರೀಟ್ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ಸಂಜೆಯಿಂದ ಕೋಣೆಯೊಳಕ್ಕೆ ಕಕ್ಕುತ್ತದೆ. ಹೊರಗೆ ತಂಪಾದ ರಾತ್ರಿ ಒಂಬತ್ತರಲ್ಲೂ ಮೇಲಿನ ಕೋಣೆ ಕುದಿಯುವುದು ಇದಕ್ಕೇ. ನೆಲಮಹಡಿಯ ಉತ್ತರ ದಿಕ್ಕಿನ ಕೋಣೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಮನೆ ಇದ್ದರಂತೂ ಬೇಸಿಗೆಗೆ ಅಲ್ಲಿಗೇ ಕಳಿಸಿಬಿಡಿ. ಆ ದಪ್ಪ ಗೋಡೆಗೆ ಸಮನಾದ ಯಂತ್ರ ಅಂಗಡಿಯಲ್ಲಿಲ್ಲ. ಇಳಿಸಲಾಗದಿದ್ದರೆ ಮಾರ್ಚಿಯಲ್ಲೇ ಸ್ಲ್ಯಾಬಿನ ಮೇಲೆ ಎರಡು ಕೈ ಸುಣ್ಣ ಬಳಿಸಿ.

ಗಿನಿ ಪಿಗ್‌ಗೆ ಹಿತವಾದದ್ದು 18ರಿಂದ 26 ಡಿಗ್ರಿ. 30 ದಾಟಿದರೆ ಅಪಾಯ, ಗಬ್ಬದ ಕೊನೆಯ ವಾರಗಳಲ್ಲಿ ಇನ್ನೂ ಹೆಚ್ಚು. ನಮ್ಮ ಏಪ್ರಿಲ್-ಮೇನಲ್ಲಿ 40-43 ಮಾಮೂಲು. ದೊಡ್ಡಿಲಿ, ಚಿಟ್ಟಿಲಿಗಳು ಬಾಲದ ಮೂಲಕ ಮೈಕಾವು ಹೊರಗೆ ಬಿಡುತ್ತವೆ. ಗಿನಿ ಪಿಗ್‌ಗೆ ಬಾಲವೇ ಇಲ್ಲ, ಹ್ಯಾಮ್‌ಸ್ಟರ್‌ದು ಇದ್ದೂ ಇಲ್ಲದಂತೆ. ಯಾವುದೂ ನಮ್ಮ ಹಾಗೆ ಬೆವರುವುದಿಲ್ಲ. ಆದ್ದರಿಂದ ಕೋಣೆ 37-38 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ತಿರುಗಿಸಿದರೆ ಮೈಗಿಂತ ಬಿಸಿಯಾದ ಗಾಳಿಯನ್ನು ಅವುಗಳ ಮೇಲೆ ಊದಿದಂತೆ. ಹೋದ ವರ್ಷ ಫ್ಯಾನ್ ಇದ್ದೂ ಉಳಿಯದಿದ್ದುದಕ್ಕೆ ಇದೇ ಕಾರಣವಿರಬಹುದು.

ನಿಮ್ಮ ಊರಿಗೆ ಏಪ್ರಿಲ್-ಮೇನಲ್ಲಿ ಕೂಲರೇ ಸರಿ, ಅದೂ ನಾತದ ದೃಷ್ಟಿಯಿಂದ ಏಸಿಗಿಂತ ಮೇಲು. ಏಸಿ ಒಳಗಿನ ಗಾಳಿಯನ್ನೇ ತಿರುಗಿ ತಿರುಗಿ ತಂಪು ಮಾಡುತ್ತದೆ, ಅಮೋನಿಯ ಅಲ್ಲೇ ಕೂಡುತ್ತ ಹೋಗುತ್ತದೆ. ಕೂಲರ್ ಪ್ರತಿ ಕ್ಷಣವೂ ಹೊರಗಿನ ಹೊಸ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಷರತ್ತು ಒಂದೇ: ಕೂಲರ್ ಕಿಟಕಿಯ ಹೊರಗಿರಬೇಕು, ಎದುರಿನ ಕಿಟಕಿ ಅಥವಾ ಬಾಗಿಲು ಒಂದು ಗೇಣು ತೆರೆದಿರಬೇಕು. ಮುಚ್ಚಿದ ಕೋಣೆಯೊಳಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಗಾಳಿ ನೀರು ನೀರಾಗುತ್ತದೆ, ತಂಪು ನಿಲ್ಲುತ್ತದೆ, ಹಾಸು ತೇವವಾಗುತ್ತದೆ, ನಾತ ಮೂರು ಪಟ್ಟು.

ಕೂಲರ್ ಇವತ್ತು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಎರಡು ಥರ್ಮಾಮೀಟರ್ ಬೇಕು, ಗೋಡೆಗೆ ತೂಗುವ ಅಗ್ಗದ ಗಾಜಿನವೇ ಸಾಕು. ಒಂದರ ಬುಡಕ್ಕೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಎರಡನ್ನೂ ಫ್ಯಾನಿನ ಗಾಳಿಗೆ ಐದು ನಿಮಿಷ ಹಿಡಿಯಿರಿ. ಒದ್ದೆಯದು ತೋರಿಸುವ ಅಂಕಿಗಿಂತ ಕೆಳಗೆ ಯಾವ ಕೂಲರ್ರೂ ಇಳಿಸಲಾರದು. ಮೇ ಮಧ್ಯಾಹ್ನ ಹೊರಗೆ 42 ಡಿಗ್ರಿ, ತೇವಾಂಶ ಶೇ. 20 ಇದ್ದಾಗ ಒದ್ದೆಯದು 24ರ ಆಸುಪಾಸು ನಿಲ್ಲುತ್ತದೆ. ಒಳ್ಳೆಯ ಕೂಲರ್ ಆ ಅಂತರದ ಮುಕ್ಕಾಲು ಪಾಲು ಇಳಿಸುತ್ತದೆ, ಅಂದರೆ 28-30ಕ್ಕೆ ತರುತ್ತದೆ. ಮಳೆ ಶುರುವಾದ ಮೇಲೆ 32 ಡಿಗ್ರಿ, ತೇವಾಂಶ ಶೇ. 70 ಇರುವ ದಿನ ಒದ್ದೆಯದೇ 27ರ ಮೇಲಿರುತ್ತದೆ. ಮೂರು ಡಿಗ್ರಿ ಇಳಿಸುವ ಆಸೆಗೆ ಹಾಸನ್ನೆಲ್ಲ ಒದ್ದೆ ಮಾಡಿಕೊಳ್ಳಬೇಡಿ. ಅಂತರ 10 ಡಿಗ್ರಿಗಿಂತ ಹೆಚ್ಚಿದ್ದರೆ ಕೂಲರ್, ಐದಕ್ಕಿಂತ ಕಡಿಮೆಯಿದ್ದರೆ ನೀರಿನ ಪಂಪು ನಿಲ್ಲಿಸಿ ಬರೀ ಗಾಳಿ. ನಡುವಿನ ದಿನಗಳಲ್ಲಿ ಹಾಸನ್ನು ಮುಟ್ಟಿ ನೋಡಿ ತೀರ್ಮಾನಿಸಿ.

ಥರ್ಮಾಮೀಟರನ್ನು ಗೋಡೆಗೆ ತೂಗಿ ಓದಬೇಡಿ, ಗಿನಿ ಪಿಗ್ ಕೂರುವ ಮಟ್ಟದಲ್ಲಿ ಇಡಿ. ಕೂಲರಿನ ಗಾಳಿ ನೇರ ಅವುಗಳ ಮೇಲೆ ಬೀಳದೆ ಗೋಡೆಗೆ ತಾಗಿ ಬರಲಿ. ಬೋರಿನ ಗಡಸು ನೀರಾದರೆ ಪ್ಯಾಡಿನ ಮೇಲೆ ಉಪ್ಪು ಕಟ್ಟಿ ಗಾಳಿ ಹಾಯುವುದಿಲ್ಲ. ತೊಟ್ಟಿಯ ನೀರನ್ನು ಮೂರು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ ಮರಿ, ಜತೆಗೆ ಪ್ಯಾಡಿನ ಕೊಳೆತ ವಾಸನೆ. ಎಷ್ಟೋ ಮನೆಗಳಲ್ಲಿ ಬೈಗುಳ ತಿನ್ನುವುದು ಗಿನಿ ಪಿಗ್, ನಾರುತ್ತಿರುವುದು ಕೂಲರಿನ ಹುಲ್ಲು.

ಗೂಡನ್ನು ಸ್ಟ್ಯಾಂಡಿನ ಮೇಲಿಡದೆ ನೆಲದ ಮೇಲೇ ಹಾಕಿ, ಕೋಣೆಯಲ್ಲಿ ನೆಲವೇ ತಂಪು. ಒಂದು ಮೂಲೆಯಲ್ಲಿ ಹಾಸು ಹಾಕದೆ ಶಹಾಬಾದ್ ಕಲ್ಲಿನ ಒಂದು ತುಂಡು ಇಡಿ. ಬೆಳಿಗ್ಗೆ ಕಲ್ಲನ್ನು ನೀರಲ್ಲಿ ಅದ್ದಿ ಒರೆಸಿ ಇಟ್ಟರೆ ಮಧ್ಯಾಹ್ನದವರೆಗೆ ಹೊಟ್ಟೆ ಆನಿಸಿ ಮಲಗುತ್ತವೆ.

ಇನ್ನು ಮುಖ್ಯ ಮಾತು: ಬೇಸಿಗೆಯಲ್ಲಿ ಹೆರಿಗೆ ಬಾರದಂತೆ ಲೆಕ್ಕ ಹಾಕಿ. ಗಿನಿ ಪಿಗ್‌ನ ಗರ್ಭ 59-72 ದಿನ. ಜನವರಿ ಕೊನೆಗೆ ಕೂಡಿದ್ದು ಏಪ್ರಿಲಿಗೆ ಹೆರುತ್ತದೆ. ಜನವರಿ ಮೂರನೇ ವಾರದಲ್ಲೇ ಗಂಡುಗಳನ್ನು ಬೇರೆ ಮಾಡಿ, ಮಳೆ ಹಿಡಿದು ಕೋಣೆ 30ರ ಕೆಳಗೆ ನಿಂತ ಮೇಲೆ ಸೇರಿಸಿ. ಚಿಟ್ಟಿಲಿಗಾದರೆ ಗರ್ಭ ಮೂರು ವಾರ, ಹಾಲೂಡುವುದು ಮೂರು ವಾರ. ಫೆಬ್ರವರಿ 20ರೊಳಗೆ ಗಂಡು ತೆಗೆದರೆ ಏಪ್ರಿಲ್ ಹೊತ್ತಿಗೆ ಎಲ್ಲ ಮರಿ ಹಾಲು ಬಿಟ್ಟಿರುತ್ತವೆ. ಗಿನಿ ಪಿಗ್‌ನಲ್ಲಿ ಒಂದು ತೊಡಕಿದೆ. ಹೆಣ್ಣು ಆರೇಳು ತಿಂಗಳಾಗುವುದರೊಳಗೆ ಮೊದಲ ಸಲ ಹೆರದಿದ್ದರೆ ಸೊಂಟದ ಮೂಳೆಯ ಕೀಲು ಬಿಗಿದು ಹೆರಿಗೆ ಕಷ್ಟವಾಗುತ್ತದೆ. ಬೇಸಿಗೆ ಕಳೆಯುವಷ್ಟರಲ್ಲಿ ಆ ವಯಸ್ಸು ದಾಟುವ ಹೆಣ್ಣನ್ನು ಸಂತಾನಕ್ಕೆ ಬಿಡಲೇಬೇಡಿ, ಸುಮ್ಮನೆ ಸಾಕಿಕೊಳ್ಳಿ.

ಬಿಸಿಲು ಬಡಿದದ್ದರ ಗುರುತು: ಮೈ ಚಾಚಿ ಬೀಳುವುದು, ಗದ್ದ ಜೊಲ್ಲಿನಿಂದ ಒದ್ದೆಯಾಗುವುದು, ಏದುಸಿರು. ಕೂಡಲೇ ತಂಪಿಗೆ ತಂದು ಕಿವಿ, ಪಾದಗಳನ್ನು ಕೊಡದ ನೀರಿನಿಂದ ಒದ್ದೆ ಮಾಡಿ ಗಾಳಿ ಬೀಸಿ. ಐಸ್ ನೀರು ಬೇಡ, ಚರ್ಮದ ರಕ್ತನಾಳ ಬಿಗಿದು ಒಳಗಿನ ಕಾವು ಒಳಗೇ ಉಳಿಯುತ್ತದೆ. ಬಾಯಿಗೆ ನೀರು ಸುರಿಯಬೇಡಿ. ಪಶುವೈದ್ಯರ ಬಳಿ ಒಯ್ಯಿರಿ.

ಪ್ರಶ್ನೆ: ಮಧ್ಯಾಹ್ನ ಎರಡು ಮೂರು ಗಂಟೆ ಕರೆಂಟ್ ಇರುವುದಿಲ್ಲ. ಐಸ್ ಬಾಟಲಿ ಇಟ್ಟರೆ ಹಾಸು ಒದ್ದೆಯಾಗುತ್ತದೆ. ನೀರಿನ ಬಾಟಲಿಯೂ ಮಧ್ಯಾಹ್ನವೇ ಸೋರುತ್ತದೆ, ಬೆಳಿಗ್ಗೆ ಸೋರುವುದಿಲ್ಲ. ಇದೇನು ವಿಚಿತ್ರ?
— ಸಿಂಧನೂರಿನ ಓದುಗರು

ಉತ್ತರ: ಸೋರುವುದಕ್ಕೆ ಕಾರಣ ಬಾಟಲಿಯೊಳಗಿನ ಗಾಳಿ. ಅರ್ಧ ಖಾಲಿಯಾದ ಬಾಟಲಿಯಲ್ಲಿ ನೀರಿನ ಮೇಲೆ ನಿಂತ ಗಾಳಿ ಮಧ್ಯಾಹ್ನದ ಕಾವಿಗೆ ಹಿಗ್ಗಿ ನೀರನ್ನು ನಳಿಕೆಯಿಂದ ಹೊರಕ್ಕೆ ತಳ್ಳುತ್ತದೆ. ಬೆಳಿಗ್ಗೆಯೂ ಹನ್ನೊಂದಕ್ಕೂ ತುದಿಯವರೆಗೆ ತುಂಬಿಸಿ, ಗಾಳಿಗೆ ಜಾಗ ಇರಬಾರದು. ಬಾಟಲಿಗೆ ಬಿಳಿ ಬಟ್ಟೆ ಸುತ್ತಿ. ನಳಿಕೆಯ ತುದಿ ಹಾಸಿಗೆ ತಾಗುತ್ತಿದ್ದರೂ ಬತ್ತಿಯ ಹಾಗೆ ನೀರು ಇಳಿದುಹೋಗುತ್ತದೆ, 4-5 ಸೆಂ.ಮೀ. ಎತ್ತರಿಸಿ, ಮರಿಗಳಿಗೆ ಎಟುಕಲು ಪಕ್ಕದಲ್ಲಿ ಒಂದು ಬಿಲ್ಲೆ ಕಲ್ಲಿಡಿ. ಒಂದು ಚಿಟ್ಟಿಲಿ ದಿನಕ್ಕೆ ಕುಡಿಯುವುದು 4-7 ಮಿ.ಲೀ., ದೊಡ್ಡಿಲಿ ನೂರು ಗ್ರಾಂ ತೂಕಕ್ಕೆ 10-12 ಮಿ.ಲೀ. ಇದಕ್ಕಿಂತ ಬಹಳ ಹೆಚ್ಚು ಖಾಲಿಯಾಗುತ್ತಿದ್ದರೆ ಅದು ಹೊಟ್ಟೆಗಲ್ಲ, ಹಾಸಿಗೆ ಹೋಗುತ್ತಿದೆ. ಬೇಸಿಗೆಯಲ್ಲಿ ಪ್ರತಿ ಡಬ್ಬಕ್ಕೂ ಎರಡು ಬಾಟಲಿ ಇರಲಿ. ಒಂದರ ನಳಿಕೆಯೊಳಗಿನ ಗುಂಡು ಕಚ್ಚಿ ನಿಂತರೂ ಪ್ರಾಣ ಉಳಿಯುತ್ತದೆ.

ಐಸ್ ಬಾಟಲಿಯನ್ನು ಡಬ್ಬದ ಒಳಗಲ್ಲ, ಜಾಲರಿ ಮುಚ್ಚಳದ ಮೇಲೆ ಒಂದು ಪಕ್ಕಕ್ಕೆ ಇಡಿ. ತಣ್ಣನೆ ಗಾಳಿ ಭಾರ, ತಾನಾಗಿ ಕೆಳಗಿಳಿಯುತ್ತದೆ. ಕೆಳಗೆ ಒಂದು ತಟ್ಟೆ, ಬಾಟಲಿಗೆ ಟವೆಲ್ಲು. ಬೆವರಿದ ನೀರು ಅಲ್ಲೇ ನಿಲ್ಲುತ್ತದೆ. ತಟ್ಟೆ ಜಾಲರಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮುಚ್ಚಬಾರದು. ಮರಿಗಳ ಗೂಡು ಇರುವ ಕಡೆ ಇಡಲೇಬೇಡಿ: ಕೂದಲು ಬಾರದ ಮರಿಗೆ ಮೈಕಾವು ಕಾಯ್ದುಕೊಳ್ಳಲು ಬಾರದು, 40 ಡಿಗ್ರಿ ಕೋಣೆಯಲ್ಲೂ ಐಸಿನ ಕೆಳಗೆ ಸೆಟೆದು ಸಾಯುತ್ತದೆ. ಬಾಟಲಿಗೆ ಮುಕ್ಕಾಲು ಮಾತ್ರ ನೀರು ತುಂಬಿ. ಎರಡು ಜೊತೆ ಮಾಡಿಕೊಂಡು ರಾತ್ರಿ ಫ್ರೀಜರಿಗೆ ಹಾಕಿದರೆ ಮಧ್ಯಾಹ್ನ ಒಂದಾದ ಮೇಲೊಂದು ಬರುತ್ತದೆ.

ಒದ್ದೆ ಗೋಣಿಚೀಲವನ್ನು ಡಬ್ಬದ ಮೇಲೆ ಹೊದಿಸುವ ರೂಢಿ ಕೆಲವು ಕಡೆ ಇದೆ. ಅದು ಗಾಳಿ ಮುಚ್ಚುತ್ತದೆ. ಗೋಣಿಯನ್ನು ಗಾಳಿ ಬರುವ ಕಿಟಕಿಗೆ ಕಟ್ಟಿ.

ಪ್ರಶ್ನೆ: ಹೋದ ಬೇಸಿಗೆಯ ನಂತರ ನಮ್ಮ ಇಲಿಗಳು ಮರಿಯನ್ನೇ ಹಾಕಿಲ್ಲ. ಶಕ್ತಿ ಬರಲೆಂದು ಹತ್ತಿಕಾಳು ಹಿಂಡಿ, ಶೇಂಗಾ ಹಿಂಡಿ ಕೊಡುತ್ತಿದ್ದೇವೆ. ಹೊಸ ಗಂಡನ್ನೂ ತಂದಿದ್ದೇವೆ.
— ಸಿರುಗುಪ್ಪದ ಓದುಗರು

ಉತ್ತರ: ಹತ್ತಿಕಾಳು ಹಿಂಡಿಯನ್ನು ಇವತ್ತೇ ನಿಲ್ಲಿಸಿ. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶ ಗಂಡು ಇಲಿಯ ವೀರ್ಯವನ್ನು ಕುಗ್ಗಿಸುತ್ತದೆ. ಎಮ್ಮೆಯ ಹೊಟ್ಟೆಯ ಬ್ಯಾಕ್ಟೀರಿಯಾ ಅದನ್ನು ಬಹುಮಟ್ಟಿಗೆ ಕಟ್ಟಿಹಾಕುತ್ತದೆ, ಇಲಿಯ ಹೊಟ್ಟೆ ಹಾಗಲ್ಲ. ಶೇಂಗಾ ಹಿಂಡಿಯಲ್ಲಿ ಪ್ರೋಟೀನು ಶೇ. 40ರ ಮೇಲಿದೆ, ಹೆರುವ ಚಿಟ್ಟಿಲಿಗೆ ಒಟ್ಟು ಆಹಾರದಲ್ಲಿ ಬೇಕಿರುವುದು ಶೇ. 18-20. ಮಿಕ್ಕಿದ್ದು ಯೂರಿಯವಾಗಿ ಉಚ್ಚೆಗೆ ಹೋಗಿ ನಿಮಗೇ ಅಮೋನಿಯವಾಗಿ ವಾಪಸ್ ಬರುತ್ತದೆ. ಜೋಳ, ಗೋಧಿಯ ಜೊತೆ ಹತ್ತರಲ್ಲಿ ಎರಡು ಪಾಲು ಹಿಂಡಿ, ಅದೂ ಬೂಷ್ಟಿಲ್ಲದ್ದು, ಸ್ವಲ್ಪ ಹುರಿಗಡಲೆ, ಅಷ್ಟು ಸಾಕು.

ಬೇಸಿಗೆಯ ಕಾವೂ ಗಂಡಿನ ವೀರ್ಯ ಕೆಡಿಸುತ್ತದೆ. ಹೊಸದಾಗಿ ತಯಾರಾಗಲು ಚಿಟ್ಟಿಲಿಗೆ ಸುಮಾರು 35 ದಿನ, ದೊಡ್ಡಿಲಿಗೆ 52 ದಿನ ಹಿಡಿಯುತ್ತದೆ. ಕೋಣೆ ತಂಪಾದ ದಿನದಿಂದ ಎರಡು ತಿಂಗಳು ಎಣಿಸಿ.

ಹೊಸ ಗಂಡಿನ ವಿಷಯ. ನಿಮ್ಮದು ಚಿಟ್ಟಿಲಿಯಾದರೆ ಅದೇ ಅಡ್ಡಿಯಾಗಿರಬಹುದು. ಕೂಡಿ ಕೆಲವೇ ದಿನವಾದ ಹೆಣ್ಣಿಗೆ ಅಪರಿಚಿತ ಗಂಡಿನ ವಾಸನೆ ತಾಗಿದರೆ ಸಾಕು, ಗರ್ಭ ನಿಲ್ಲದೆ ಹೋಗುತ್ತದೆ. ಹಿಲ್ಡಾ ಬ್ರೂಸ್ ಎಂಬ ವಿಜ್ಞಾನಿ 1959ರಲ್ಲಿ ಇದನ್ನು ತೋರಿಸಿದರು, ಇದಕ್ಕೆ ಅವರ ಹೆಸರೇ ನಿಂತಿದೆ. ಜೋಡಿ ಸೇರಿಸಿದ ಒಂದು ವಾರ ಬೇರೆ ಗಂಡಿನ ಡಬ್ಬ ಪಕ್ಕದಲ್ಲಿ ಬೇಡ, ಒಂದೇ ಚಮಚದಲ್ಲಿ ಎರಡು ಡಬ್ಬ ಕೆರೆಯುವುದೂ ಬೇಡ. ಗಂಡು ಬದಲಿಸಿದರೆ ಒಂದೂವರೆ ತಿಂಗಳು ಅದನ್ನೇ ಉಳಿಸಿ ನೋಡಿ.

ಪ್ರಶ್ನೆ: ದೊಡ್ಡಿಲಿಯ ಕಣ್ಣು, ಮೂಗಿನಿಂದ ರಕ್ತ ಬರುತ್ತಿದೆ, ಸೀನುತ್ತಿದೆ. ನಮ್ಮ ಕಡೆ ಕೆಂಪು ಧೂಳೂ ಹೆಚ್ಚು.
— ಸಂಡೂರಿನ ಓದುಗರು

ಉತ್ತರ: ಅದು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ಕೆಂಪು ಸ್ರಾವ. ಕಾಯಿಲೆಯೋ ಸಂಕಟವೋ ಇದ್ದಾಗ ಹೆಚ್ಚುತ್ತದೆ. ದೊಡ್ಡಿಲಿಗಳಲ್ಲಿ ಮೈಕೊಪ್ಲಾಸ್ಮಾ ಎಂಬ ಉಸಿರಾಟದ ಸೋಂಕು ಒಳಗೇ ಅಡಗಿರುವುದು ಬಹಳ ಸಾಮಾನ್ಯ. ಅಮೋನಿಯ ಮೂಗಿನೊಳಗಿನ ಪೊರೆ ಸುಟ್ಟಾಗ ಅದು ಎದ್ದು ಕೂರುತ್ತದೆ. ಕಾರ್ಖಾನೆಯ ಕೆಲಸಗಾರರಿಗೇ ಎಂಟು ಗಂಟೆಯ ಪಾಳಿಗೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು ಅಮೋನಿಯ ಎಂಬ ಮಿತಿ ಇದೆ; ಇಲಿಗೆ ಪಾಳಿ ಮುಗಿಯುವುದೇ ಇಲ್ಲ. ಹಾಸಿನ ಕ್ರಮ ಮೊದಲನೇ ಉತ್ತರದಲ್ಲಿದೆ. ಧೂಳಿಗೆ ಗಾಳಿ ಬರುವ ಕಿಟಕಿಗೆ ತೆಳು ಒದ್ದೆ ಬಟ್ಟೆ ಕಟ್ಟಿ ದಿನಾ ಜಾಲಿಸಿ. ಉಸಿರಾಡುವಾಗ ಗೊರಗೊರ ಸದ್ದು ಬಂದರೆ ಪಶುವೈದ್ಯರಿಗೆ ತೋರಿಸಿ. ನಿಮ್ಮಲ್ಲಿ ಉಳಿದ ಅಮಾಕ್ಸಿಸಿಲಿನ್ ಕೊಡುವ ಯೋಚನೆ ಬೇಡ. ಗಿನಿ ಪಿಗ್, ಹ್ಯಾಮ್‌ಸ್ಟರ್‌ಗಳಿಗೆ ಅದು ಕರುಳಿನ ಬ್ಯಾಕ್ಟೀರಿಯಾ ಕೆಡಿಸಿ ಪ್ರಾಣ ತೆಗೆಯುತ್ತದೆ.

ಪ್ರಶ್ನೆ: ತಾಯಿ ಚಿಟ್ಟಿಲಿ ಮರಿಗಳನ್ನು ಗೂಡಿನಿಂದ ಹೊರಗೆ ಎಳೆದು ಹಾಕುತ್ತಿದೆ. ಮತ್ತೆ ಒಳಗಿಟ್ಟರೂ ಅದೇ.
— ಲಿಂಗಸುಗೂರಿನ ಓದುಗರು

ಉತ್ತರ: ಗೂಡು ಕಾದಿದೆ. ಹಾಲೂಡುವ ತಾಯಿಯ ಮೈ ಸ್ವತಃ ಕಾವು ಹುಟ್ಟಿಸುತ್ತದೆ, 30 ಡಿಗ್ರಿ ದಾಟಿದರೆ ಅದು ಮೇವು ಬಿಡುತ್ತದೆ, ಹಾಲೂ ಇಳಿಯುತ್ತದೆ. ನೀವು ಇಟ್ಟ ಹತ್ತಿಯನ್ನೆಲ್ಲ ತೆಗೆದುಬಿಡಿ, ಕಾಲಿಗೂ ಸುತ್ತಿಕೊಳ್ಳುತ್ತದೆ. ಬದಲಿಗೆ ಬೆರಳಗಲ ಸೀಳಿದ ಕಾಗದ ಎರಡು ಹಿಡಿ ಹಾಕಿ, ಬೇಕಾದಷ್ಟೇ ಅದು ಹೊದಿಸಿಕೊಳ್ಳಲಿ. ಮುಚ್ಚಿದ ಪ್ಲಾಸ್ಟಿಕ್ ಗುಮ್ಮಟವಿದ್ದರೆ ತೆಗೆದು, ಒಡೆದ ಮಣ್ಣಿನ ಕುಡಿಕೆಯ ಅರ್ಧ ಹೋಳು ಕವುಚಿ. ಇರುವೆ ಬಂದಿದ್ದರೂ ಹೀಗೇ ಮಾಡುತ್ತದೆ. ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಟ್ಟು ಎರಡು ಹನಿ ಎಣ್ಣೆ ಬಿಡಿ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಈಚೆ ಎಳೆಯಿರಿ.

ಪ್ರಶ್ನೆ: ತೆಗೆದ ಹಾಸನ್ನು ಎಲ್ಲಿ ಹಾಕುವುದು? ಫಾರ್ಮಸಿ ಕಾಲೇಜಿನವರು ಮರಿ ಕೊಡುತ್ತೀರಾ ಎಂದು ಕೇಳಿದ್ದಾರೆ, ಕೊಡಬಹುದೇ?
— ಯಲಬುರ್ಗಾದ ಓದುಗರು

ಉತ್ತರ: ಹಾಸನ್ನು ಚರಂಡಿಗೆ ಬೇಡ. ತಿಪ್ಪೆಯಲ್ಲಿ ಒಣ ಎಲೆಯ ಜತೆ ಪದರ ಪದರವಾಗಿ ಹಾಕಿ ಮಣ್ಣು ಮುಚ್ಚಿ, ಮೂರು ತಿಂಗಳು ಕಳೆದ ಮೇಲೆ ಹೂವಿನ ಗಿಡಕ್ಕೆ ಕೊಡಿ. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಬೇಡ. ಭತ್ತದ ಹೊಟ್ಟು ಇದ್ದರೆ ಕೊಳೆಯಲು ಇನ್ನೂ ತಡ. ಹಾಸು ತೆಗೆಯುವಾಗ ಕೈಗವಸು, ಮೂಗಿಗೆ ಬಟ್ಟೆ ಇರಲಿ, ಕೈಗೆ ಗಾಯವಿದ್ದ ದಿನ ಮನೆಯ ಬೇರೆಯವರು ಮಾಡಲಿ.

ಪ್ರಯೋಗಕ್ಕೆ ಪ್ರಾಣಿ ಸಾಕಿ ಮಾರಲು 1998ರ ಕೇಂದ್ರ ನಿಯಮಗಳಂತೆ ನೋಂದಣಿ ಬೇಕು. ಮನೆಯ ಡಬ್ಬದಿಂದ ನೇರ ಕೊಡುವಂತಿಲ್ಲ.